ಬರೇ ರೇವಣಪ್ಪ

ಮರೆವ್ವನ ಗಂಡನ ಹೆಸರು ರೇವಣಪ್ಪ. ಇಂಡಿಯಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ, ಡಾಂಬರು ರೋಡಿನಿಂದ ಸ್ವಲ್ಪ ಒಳಗೆ ಅವರ ಊರು. ಊರಲ್ಲಿ ರೇವಣಸಿದ್ಧನ ಗುಡಿ ಇದೆ. ಮಕ್ಕಳಾಗದವರು ಅಲ್ಲಿ ಬೇಡಿಕೊಳ್ಳುತ್ತಾರೆ. ಗಂಡು ಹುಟ್ಟಿದರೆ ದೇವರ ಹೆಸರನ್ನೇ ಇಡುತ್ತಾರೆ. ಹೀಗಾಗಿ ಊರ ತುಂಬ ರೇವಣಪ್ಪಗಳು. "ಆ ಊರಾಗ ಕಣ್ಣ ಮುಚ್ಚಿ ಕಲ್ಲ ಒಗದ್ರ ಒಬ್ಬ ರೇವಣಪ್ಪನ ತಲಿ ಒಡೀತದ" ಎಂದು ಪಕ್ಕದ ಊರಿನವರು ನಗುತ್ತಾರೆ.

ಅವರಲ್ಲಿ ದೊಡ್ಡವರಾದವರೂ ಇದ್ದರು. ಪೈಲ್ವಾನ ರೇವಣಪ್ಪ ಕೊಲ್ಹಾಪುರದ ಕಣದಲ್ಲಿ ಗೆದ್ದು ಬಂದವನು, ಮುದ್ದೇಬಿಹಾಳದ ತನಕ ಅವನ ಶಿಷ್ಯರು. ಭಜನಿ ರೇವಣಪ್ಪನ ದನಿ ರೇಡಿಯೋದಲ್ಲಿ ಬಂದಿತ್ತು. ದನದ ಡಾಕ್ಟರ ರೇವಣಪ್ಪ ಸಿಂದಗಿಯಲ್ಲಿ ಮಾಳಿಗೆ ಮನೆ ಕಟ್ಟಿಸಿದ. ಮೆಂಬರ ರೇವಣಪ್ಪ ಇಲೆಕ್ಷನ್ನಿನಲ್ಲಿ ಸೋತಿದ್ದೇ ಇಲ್ಲ. ಒಬ್ಬೊಬ್ಬರ ಹೆಸರಿನ ಮುಂದೆ ಒಂದೊಂದು ಮಾತು ಅಂಟಿಕೊಂಡಿತ್ತು.

ಮರೆವ್ವನ ಗಂಡನ ಹೆಸರಿನ ಮುಂದೆ ಏನೂ ಇರಲಿಲ್ಲ.

"ಯಾವ ರೇವಣಪ್ಪ?"

"ಬರೇ ರೇವಣಪ್ಪರಿ."

"ಹಾಂ, ಅಂವನೇನು."

ಅವನ ಬಗ್ಗೆ ಹೇಳುವುದು ಬಹಳ ಇಲ್ಲ. ಮಂದಿಯ ತೋಟದಲ್ಲಿ ಲಿಂಬೆಹಣ್ಣು ಹರಿಯುತ್ತಿದ್ದ. ಹಣ್ಣು ಕೀಳುವ ಉದ್ದನೆಯ ದೋಟಿ ಹಿಡಿದು ಗಿಡದ ಕೆಳಗೆ ನಿಂತರೆ ಮಧ್ಯಾಹ್ನದ ರೊಟ್ಟಿ ಹೊತ್ತಿಗೇ ಹೊರಗೆ ಬರುತ್ತಿದ್ದುದು. ಕೈತುಂಬ ಮುಳ್ಳಿನ ಗೀರು. ಹಳೆಯ ಗೀರಿನ ಮೇಲೆ ಹೊಸ ಗೀರು, ಅದರ ಮೇಲೆ ಲಿಂಬೆಯ ರಸ. ಉರಿಯುವುದಿಲ್ಲವೇ ಎಂದು ಲಗ್ನವಾದ ಹೊಸತರಲ್ಲಿ ಮರೆವ್ವ ಕೇಳಿದ್ದಳು. "ಉರೀತೈತಿ" ಎಂದಿದ್ದ. ಅಷ್ಟೇ. ಹಣ್ಣು ಆರಿಸಿ, ಚೀಲ ತುಂಬಿ, ಬಾಯಿ ಹೊಲಿದು ಇಂಡಿ ಬಜಾರಿಗೆ ಹೋಗುವ ಗಾಡಿಗೆ ಏರಿಸುತ್ತಿದ್ದ. ಅವಳೂ ಜೊತೆಗೆ ಹೋಗಿ ಆರಿಸುತ್ತಿದ್ದಳು. ಅವನು ಕುಡಿಯುತ್ತಿರಲಿಲ್ಲ. ಹೊಡೆಯುತ್ತಿರಲಿಲ್ಲ. ಮಾತೂ ಆಡುತ್ತಿರಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ.

ಒಮ್ಮೆ ನೆಂಟರ ಮನೆಗೆಂದು ಮುದ್ದೇಬಿಹಾಳಕ್ಕೆ ಹೋಗಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಭಜನಾ ಮೇಳದವರು ಹಾರ ಹಿಡಿದು ನಿಂತಿದ್ದರು. ಯಾವ ಊರು ಎಂದರು, ಹೇಳಿದ. ಹೆಸರು ಎಂದರು, ಹೇಳಿದ. ಹೇಳಿದ್ದೇ ತಡ ಕೊರಳಿಗೆ ಹಾರ ಬಿತ್ತು, ತಾಳ ಬಡಿಯಲು ಶುರು ಮಾಡಿದರು. ಅವನು ಹಾರ ತೆಗೆದು, ಹೂವು ಉದುರದ ಹಾಗೆ ಮಡಚಿ ಕೊಟ್ಟು, "ಅವ್ರು ಹಿಂದಿನ ಬಸ್ಸಿಗಿ ಬರ್ತಾರ್ರಿ" ಎಂದ. ಆ ಮಂದಿ ಒತ್ತಾಯ ಮಾಡಿ ಚಹಾ ಕುಡಿಸಿದರು. ಇದನ್ನು ಮನೆಗೆ ಬಂದು ಅವನೇ ಹೇಳಿದ. ಮರೆವ್ವ ಕೇಳಿದ ಅವನ ದೊಡ್ಡ ಕಥೆ ಇದೊಂದೇ.

ಕಳೆದ ಬೇಸಿಗೆಯಲ್ಲಿ ಅವನು ಗಿಡದ ಕೆಳಗೇ ಸತ್ತ. ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಬಾಡಿಗೆ ಗಾಡಿಯಲ್ಲಿ ಮನೆಗೆ ತಂದು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದರು. ಮಗಳು ರೇಣುಕಾ ಆರು ತಿಂಗಳ ಬಸುರಿ, ಬಸವನ ಬಾಗೇವಾಡಿಯ ಗಂಡನ ಮನೆಯಿಂದ ಬಂದು ಬಿದ್ದು ಹೊರಳಾಡಿದಳು. ಮರೆವ್ವ ಅಳಲಿಲ್ಲ. ಬಾಗಿಲ ಬಳಿ ಅರ್ಧ ತುಂಬಿದ ಲಿಂಬೆಯ ಚೀಲವಿತ್ತು. ಅದರ ಬಾಯಿ ಹೊಲಿಯಬೇಕಲ್ಲ ಎಂದು ಅವಳಿಗೆ ಅನಿಸುತ್ತಿತ್ತು. ಮತ್ತೇನೂ ಅನಿಸುತ್ತಿರಲಿಲ್ಲ.

ಸುದ್ದಿ ಮುಟ್ಟಿಸಿದವನು ಓಣಿಯ ಹಿರಿಯ ಶಂಕ್ರೆಪ್ಪ. 'ನಮ್ಮ ಊರಿನ ರೇವಣಪ್ಪ ಹೋದರು, ಸಂಜೆಗೆ ಮಣ್ಣು' ಎಂದು ಮೊಬೈಲಿನಲ್ಲಿ ಹಾಕಿದ. ಹೆಸರಿನ ಮುಂದೆ ಬೇರೆ ಏನಾದರೂ ಹಾಕೋಣವೆಂದರೆ ಹಾಕಲು ಏನಿತ್ತು?

ಇಳಿಹೊತ್ತಿಗೆ ಜೀಪು, ಕಾರು ಬರತೊಡಗಿದವು. ಸಿಂದಗಿಯಿಂದ, ಮುದ್ದೇಬಿಹಾಳದಿಂದ, ನಿಡಗುಂದಿಯಿಂದ. ದಪ್ಪ ಕೊರಳಿನ ಗಂಡಸರು, ಕೈಯಲ್ಲಿ ಆಳುದ್ದದ ಹಾರ. ಓಣಿ ಹಿಡಿಸಲಿಲ್ಲ. ಬಂದವರು ಅಳುತ್ತ ಬಂದರು. ಬಂದು ನೋಡಿದರೆ ಪೈಲ್ವಾನ ರೇವಣಪ್ಪ ಮನೆ ಮುಂದಿನ ಕಟ್ಟೆಯ ಮೇಲೆ ಟಾವೆಲ್ ಹೊದ್ದು ಕುಳಿತಿದ್ದಾನೆ. ಅವನೂ ಸತ್ತವರ ಮನೆಯವರನ್ನು ಮಾತನಾಡಿಸಲು ಬಂದವನೇ.

"ಅಯ್ಯ ನಮ್ಮಪ್ಪ! ನೀವ ಅದೀರೇನ್ರಿ ಗುರುಗಳ!"

"ಇರದ ಏನಲೇ? ಯಾರ ಹೇಳಿದ್ರು ನಿಮಗ?"

"ಸುಳ್ಳ ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚಾಗ್ತದ್ರಿ. ನೂರ ವರ್ಷಕ್ಕ ಮೋಸ ಇಲ್ಲ ನಿಮಗ!"

ಕಾಲಿಗೆ ಬೀಳುವವರು ಬಿದ್ದರು, ತಬ್ಬಿಕೊಳ್ಳುವವರು ತಬ್ಬಿಕೊಂಡರು. ಒಬ್ಬನಂತೂ ಕಣ್ಣೊರೆಸುತ್ತ ನಗುತ್ತ ಫೋಟೋ ಹೊಡೆದುಕೊಂಡ. "ಮನಿಯಾಗ ಹೆಣ ಐತಿ, ಹಲ್ಲ ಮುಚ್ಚ್ರಲೇ" ಎಂದು ಪೈಲ್ವಾನ ಗದರಿಸಿದ. ತಂದ ಹಾರ ತಿರುಗಿ ಒಯ್ಯುವ ಹಾಗಿಲ್ಲ. ಹಾರಕ್ಕೆ ಕಟ್ಟಿದ್ದ 'ಮಲ್ಲರ ಗುರು' ಎಂಬ ಪಟ್ಟಿಯನ್ನು ಒಬ್ಬ ಹರಿದು ಕಿಸೆಗೆ ಹಾಕಿಕೊಂಡು, ಹಾರವನ್ನು ಒಳಗೆ ತಂದು ಹಾಕಿದ. ಮರೆವ್ವ ನೋಡುತ್ತಿದ್ದಳು. ಪೈಲ್ವಾನನೇ ಮೊದಲು ಹೆಗಲು ಕೊಟ್ಟ. ಅವನ ಬೆನ್ನಿಗೆ ಶಿಷ್ಯರೆಲ್ಲ ನಡೆದರು. ಅಷ್ಟು ಮಂದಿ ಆ ಊರಲ್ಲಿ ಯಾರ ಮಣ್ಣಿಗೂ ಸೇರಿರಲಿಲ್ಲ.

ಶ್ರಾವಣ ಮುಗಿದ ಮೇಲೆ ರೇಣುಕಾ ತವರಿನಲ್ಲಿ ಗಂಡು ಹಡೆದಳು. ತೊಟ್ಟಿಲಿಗೆ ಹಾಕುವ ದಿನ ಬಾಗೇವಾಡಿಯಿಂದ ಬೀಗರು ಬಂದರು. ಅಳಿಯ ಕಾಂತು, ಅವನ ತಾಯಿ ಶೇವಂತೆವ್ವ, ಕೂಸಿನ ಸೋದರತ್ತೆ ರಾಜಶ್ರೀ. ಮಣ್ಣಿನ ದಿನ ಇವರೂ ಇದ್ದರು, ಕಾರುಗಳನ್ನೂ ನೋಡಿದ್ದರು, ಆಯುಷ್ಯದ ಮಾತನ್ನೂ ಕೇಳಿದ್ದರು. ಪೈಲ್ವಾನನಿಗೂ ಅವರೇ ಹೇಳಿ ಕಳಿಸಿದ್ದರು. ಅವನು ಹೊರಗೆ ಕಟ್ಟೆಯ ಮೇಲೆ ಗಂಡಸರ ಜೊತೆ ಕುಳಿತಿದ್ದ.

ಮರೆವ್ವ ಅಡುಗೆ ಮನೆಯ ಬಾಗಿಲಲ್ಲಿ ನಿಂತಳು. ಗಂಡ ಸತ್ತವಳು ತೊಟ್ಟಿಲ ಹತ್ತಿರ ಹೋಗುವಂತಿಲ್ಲ.

"ರೇವಣಪ್ಪ ಅಂತ ಇಡ್ತೇವ್ರಿ" ಎಂದಳು ಶೇವಂತೆವ್ವ.

ರೇಣುಕಾಳ ಮುಖ ಅರಳಿತು. "ನಮ್ಮಪ್ಪನ ಹೆಸರ?"

"ಇಲ್ಲವಾ. ಪೈಲ್ವಾನ್ರ ಹೆಸರ. ಸತ್ತು ಬದುಕಿದಾಂಗ ಆಗ್ಯಾರ, ಗಟ್ಟಿ ಆಯುಷ್ಯ. ನಿಮ್ಮಪ್ಪಗ ಏನೂ ಅನ್ನಾಂಗಿಲ್ಲ, ಭಾಳ ಚೊಲೊ ಮನಶ್ಯಾ. ಆದ್ರ ಮಂದಿ ಗಿಡದ ಬುಡಕ ಹೋದ್ರು. ಆ ಹಣಿಬಾರ ಕೂಸಿಗಿ ಯಾಕ ಹಚ್ಚೂದು?"

"ಅತ್ತಿ, ಅಜ್ಜ ಸತ್ತ ವರ್ಷ ಹುಟ್ಟೇತಿ ಕೂಸು."

"ಹೆಸರು ಅದ ಐತಲ್ಲ. ನಿನಗ ಏನ ಕಡಿಮಿ ಆತು?"

ಪಕ್ಕದ ಮನೆಯ ಬಿಬಿಜಾನ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಳು. "ಹಂಗಿದ್ರ ಗುಡಿ ಮುಂದಿನ ಗುಂಡಕಲ್ಲಿನ ಹೆಸರ ಇಡ್ರಿ ಶೇವಂತಕ್ಕ. ಅದಕ್ಕೂ ಆಯುಷ್ಯ ಗಟ್ಟಿ ಐತಿ" ಎಂದಳು. ಹೆಂಗಸರು ಕಿಸಕ್ಕೆಂದರು. ಶೇವಂತೆವ್ವ ನಗಲಿಲ್ಲ.

ಗಂಡ ಬಿಟ್ಟು ಹೋದದ್ದು ಏನಾದರೂ ಇದ್ದರೆ ಅದು ಆ ಹೆಸರು. ಮೊಮ್ಮಗನಲ್ಲಿ ಅವನದಾಗಿ ಅದು ಉಳಿಯದಿದ್ದರೆ ಇನ್ನೆಲ್ಲೂ ಉಳಿಯುವುದಿಲ್ಲ. ಇದು ಮರೆವ್ವನಿಗೆ ಗೊತ್ತಿತ್ತು. ಗೊತ್ತಿದ್ದರೂ ಎದೆಯೊಳಗೆ ಏನೂ ಅಲುಗಾಡಲಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದ ಹಾಗೆ.

ರಾಜಶ್ರೀ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ದಬದಬ ಗುದ್ದಿದರು. "ಯವ್ವಾ, ಕೊಲ್ತೀರೇನ್ರೇ!" ಎಂದು ಅವಳು ಕೂಗಿ, ನಗುವೋ ನಗು.

ಶೇವಂತೆವ್ವ ಕೂಸನ್ನು ಎತ್ತಿಕೊಂಡು ಬಾಗಿಲಿಗೇ ಬಂದಳು. ಬಂದು ಮರೆವ್ವನ ಕೈಯಲ್ಲಿ ಇಟ್ಟಳು.

"ಬೀಗರ, ನೀವೂ ಒಮ್ಮಿ ಹೆಸರ ಹಿಡದ ಕರೀರಿ. ಎಲ್ಲಾರೂ ಕೇಳ್ಲಿ."

ಎಲ್ಲರಿಗೂ ತಿಳಿಯಿತು. ಆ ಕಡೆಯ ಹೆಂಗಸು ಗಂಡನ ಹೆಸರು ಹೇಳುವುದಿಲ್ಲ. ಅವನ ಹೆಸರನ್ನು ಮೊಮ್ಮಗನಿಗೆ ಇಟ್ಟರೆ ಮೊಮ್ಮಗನನ್ನೂ ಆ ಹೆಸರಿನಿಂದ ಕರೆಯುವುದಿಲ್ಲ, ಬೇರೆ ಏನೋ ಅಂದು ಕರೆಯುತ್ತಾಳೆ. ಈಗ ಮರೆವ್ವ ಬಾಯಿಬಿಟ್ಟು ಹೆಸರು ಹೇಳಿದಳೆಂದರೆ ಅದು ಗಂಡನ ಹೆಸರಲ್ಲ ಎಂದು ಅವಳೇ ಒಪ್ಪಿದ ಹಾಗೆ. ಆಮೇಲೆ ಯಾರೂ ಕೇಳುವಂತಿಲ್ಲ.

"ಪೈಲ್ವಾನ್ರ ಹೆಸರರಿ, ನಿಮಗ ದೋಷ ಇಲ್ಲ. ಕರೀರಿ" ಎಂದಳು ಶೇವಂತೆವ್ವ ಮತ್ತೆ.

ರೇಣುಕಾ ತಾಯಿಯನ್ನು ನೋಡಿದಳು. ಮರೆವ್ವ ಕೂಸನ್ನು ನೋಡಿದಳು. ಕೆಂಪಗೆ, ಮೂಗು ಇನ್ನೂ ಚಪ್ಪಟೆ. ಅವನ ಹಾಗೇನೂ ಇರಲಿಲ್ಲ. ಯಾರ ಹಾಗೂ ಇರಲಿಲ್ಲ. ಬಾಯಿ ಆಡಿಸುತ್ತಿತ್ತು.

"ಏನ್ರಿ" ಎಂದಳು ಮರೆವ್ವ ಕೂಸಿಗೆ. "ಹಸಿವ್ಯಾಗೇತೇನ್ರಿ?"

ಒಬ್ಬಳು ನಗಲು ಹೋಗಿ ನಿಲ್ಲಿಸಿದಳು. ತೊಟ್ಟಿಲ ಹಗ್ಗ ಬಿಬಿಜಾನಳ ಕೈಯಲ್ಲಿ ಹಾಗೇ ನಿಂತಿತು.

"ಇದೇನ್ರಿ ಬೀಗರ," ಶೇವಂತೆವ್ವನ ದನಿ ಏರಿತು, "ಕೈಗೂಸಿಗಿ ಗಂಡಗ ಅಂದಾಂಗ ಅಂತೀರಲ್ಲ!"

"ಹೌದ್ರಿ" ಎಂದಳು ಮರೆವ್ವ.

"ಹಂಗಂದ್ರ ನಾವ ಇಟ್ಟ ಹೆಸರ?"

"ನೀವ ಕರೀರಿ. ನನಗ ಬರಾಂಗಿಲ್ಲ."

ಹೊರಗೆ ಮಾತು ಕೇಳಿಸಿರಬೇಕು. ಕಟ್ಟೆಯ ಮೇಲಿಂದ ಪೈಲ್ವಾನ ಕೆಮ್ಮಿದ. "ಬಿಡ್ರಿ ತಂಗಿ," ಎಂದು ಅಲ್ಲಿಂದಲೇ ಶೇವಂತೆವ್ವನಿಗೆ ಹೇಳಿದ, "ಆ ಹೆಸರ ಅಂವಂದ. ನಂದ ತಗೊಂಡ ಏನ ಮಾಡ್ತೀರಿ, ನಾ ಇನ್ನ ಹಿಡಕೊಂಡ ಕುಂತೇನಿ." ಗಂಡಸರು ನಕ್ಕರು. ಕಾಂತು, "ಯವ್ವಾ, ಸಾಕಿನ್ನ" ಎಂದ.

ಶೇವಂತೆವ್ವ ಸೆರಗು ಕೊಡವಿದಳು. "ಆತ ತಗೋರಿ. ಎಲ್ಲಾರ ಮುಂದ ಅಂದ್ಬಿಟ್ರು, ಇನ್ನ ನಾ ತೊಳದ್ರ ಹೋಗ್ತದೇನು?" ಎಂದು ಸಕ್ಕರೆ ಹಂಚಲು ಹೋದಳು.

ರೇಣುಕಾ ಅಳುತ್ತ ಬಂದು ಕೂಸಿಗೆ ಕೈ ಚಾಚಿದಳು. ಮರೆವ್ವನ ಕಣ್ಣು ಒಣಗೇ ಇತ್ತು. ಕೂಸು ಅವಳ ಸೀರೆಯ ಮೇಲೆ ಉಚ್ಚೆ ಹೊಯ್ದಿತ್ತು. ಬಿಸಿ ತೊಡೆಯ ತನಕ ಇಳಿಯಿತು. ಅದಷ್ಟು ಅವಳಿಗೆ ಗೊತ್ತಾಯಿತು.

"ಇರ್ಲಿ" ಎಂದಳು. "ಆಮ್ಯಾಲ ಕೊಡ್ತೇನಿ."