ಚುಕ್ಕಿ ಅಕ್ಕನ ಕಾಗದ

ದಿನಾ ಬೆಳಿಗ್ಗೆ ದೇವರಿಗೆ ಕೈಮುಗಿದು, ಮುಚ್ಚಿದ ಕಣ್ಣು ತೆರೆಯದೆ, ಚುಕ್ಕಿ ಅಕ್ಕ ಹಿಂದಿನ ದಿನ ತಾವು ಕುರುಡರಿಗಾಗಿ ಬ್ರೈಲಿಗಿಳಿಸಿದ ಪುಸ್ತಕದ ಹಾಳೆಗಳನ್ನು ಬೆರಳಲ್ಲೇ ಓದುತ್ತಾರೆ. ಒಂದು ಚುಕ್ಕಿ ತಪ್ಪಿದ್ದರೂ ಇಡೀ ಹಾಳೆಯನ್ನು ಮತ್ತೆ ಚುಚ್ಚುತ್ತಾರೆ. ಸಂಬಳವಿಲ್ಲದ ಈ ಕೆಲಸಕ್ಕೆ ದಪ್ಪ ಕಾಗದ ಕೇಳಲು ಅವರು ಹತ್ತದ ಮೆಟ್ಟಿಲಿಲ್ಲ. "ಭಿಕ್ಷೆ ಅಲ್ಲ ಸ್ವಾಮಿ, ಕಾಗದ" ಎಂದು ಪಟ್ಟು ಹಿಡಿದು ಕೂತರೆ ಗೋಡೆಯೂ ಜೇಬು ತಡಕೀತು. ಈ ವಾರ ಒಂದು ಪತ್ತೇದಾರಿ ಕಾದಂಬರಿ ಅರ್ಧಕ್ಕೆ ಬಂದಿತ್ತು, ಉಳಿದಿದ್ದು ಹದಿನೈದೇ ಹಾಳೆ. ಅವು ಮುಗಿದರೆ ಕೆಲಸ ನಿಂತಂತೆ. ಆಗಲೇ ಗಿರಣಿ ಸಾಹುಕಾರರು ವರ್ಷದ ಕಾಗದ ಕೊಡುತ್ತೇನೆಂದರು. "ಆದ್ರೆ ದೇವರ ಪುಸ್ತಕ ಮಾತ್ರ ಮಾಡಿ ಅಕ್ಕ. ಕುರುಡರಿಗ್ಯಾಕೆ ಪತ್ತೇದಾರಿ ಕಾದಂಬರಿ?" ಅಕ್ಕನ ಕುರುಡು ತಂಗಿಗೂ ಮನೆಯವರು ಅವಳು ಸಾಯುವತನಕ ದೇವರ ಕಥೆಯನ್ನಷ್ಟೇ ಓದಿ ಹೇಳಿದ್ದರು, ಬೇರೆ ಕೇಳಿದರೆ ನಗುತ್ತಿದ್ದರು. "ದೇವರನ್ನ ನಾನೂ ನಂಬ್ತೀನಿ ಸಾಹುಕಾರ್ರೆ. ಆದ್ರೆ ನಾವು ಮಾಡೋದು ಓದೋರು ಕೇಳಿದ್ದನ್ನ. ನಿಮ್ಮ ಕಾಗದ ನಿಮ್ಮ ಹತ್ರಾನೇ ಇರ್ಲಿ."