ಗ್ರಾಫಿನ ಅಳತೆ ಕಾಯುವ ರಬಕವಿಯ ದಾನೇಶ್ವರಿ

ಬೆಳಗಿನ ಐದೂವರೆ. ರಬಕವಿಯ ನೇಕಾರರ ಓಣಿಯಲ್ಲಿ ವಿದ್ಯುತ್ ಮಗ್ಗಗಳು ಇನ್ನೂ ಸದ್ದು ಮಾಡಿಲ್ಲ. ಪಡಸಾಲೆಯ ಮೂಲೆಯಲ್ಲಿ ದಾನೇಶ್ವರಿ ಕಂಪ್ಯೂಟರಿನ ಪರದೆಗೆ ಸ್ಟೀಲಿನ ಪಟ್ಟಿ ಹಚ್ಚಿ, ಗ್ರಾಫೊಂದರ ಗೆರೆಗಳನ್ನು ಎಣಿಸುತ್ತಿದ್ದಾರೆ. ಎಂಟರ ಮೇಲೆ ಮಗ್ಗಗಳೆಲ್ಲ ಶುರುವಾದರೆ ಕರೆಂಟು ಏರಿಳಿಯುತ್ತದೆ. ಅಷ್ಟರೊಳಗೆ ಅರ್ಧ ಕೆಲಸ ಮುಗಿಯಬೇಕು.

ನಲವತ್ತಾರರ ದಾನೇಶ್ವರಿಯವರದು ಡಿಟಿಪಿ ಕೆಲಸ. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಸಂಶೋಧನಾ ವಿದ್ಯಾರ್ಥಿಗಳು ಪ್ರಬಂಧಗಳನ್ನು ಪುಟಕ್ಕೆ ಹೊಂದಿಸಲು ಇವರಿಗೆ ಕಳಿಸುತ್ತಾರೆ. ಗಣಿತದ ಸಾಫ್ಟ್‌ವೇರಿನಲ್ಲಿ ಸರಿಯಾಗಿ ಕಾಣುವ ಗ್ರಾಫು ಚಿತ್ರವಾಗಿ ಹೊರಬರುವಾಗ ಕೆಲವೊಮ್ಮೆ ಅಳತೆ ಕೆಡಿಸಿಕೊಳ್ಳುತ್ತದೆ. ಅಂಚಿನ ಅಂಕಿಗಳು ಬದಲಾಗುತ್ತವೆ. ‘ಸಾವಿರಪಟ್ಟು’ ಎಂದು ಸೂಚಿಸುವ ಮೂಲೆಯ ಸಣ್ಣ ಗುರುತು ಮಾಯವಾಗುತ್ತದೆ. ಅದನ್ನು ಹುಡುಕಿ ತಿದ್ದುವುದು ಇವರ ಕಾಯಕ. ದಿನಕ್ಕೆ ಹತ್ತು ಹನ್ನೆರಡು ಗ್ರಾಫು. ಪ್ರಬಂಧ ಒಪ್ಪಿಸುವ ಜೂನಿನಲ್ಲಿ ಮೂವತ್ತು. ಕತ್ತುನೋವು ಬಿಟ್ಟ ದಿನವಿಲ್ಲ.

ಓದಿದ್ದು ಪಿಯುಸಿ ವಿಜ್ಞಾನ. ಈ ಎಚ್ಚರ ಕಲಿಸಿದ್ದು ಒಂದು ತಪ್ಪು. ಹದಿನಾಲ್ಕು ವರ್ಷದ ಹಿಂದೆ ಬನಹಟ್ಟಿಯ ಅಂಗಡಿಯೊಂದರಲ್ಲಿದ್ದಾಗ, ಪ್ರಶ್ನೆಪತ್ರಿಕೆಯ ಚಿತ್ರವೊಂದು ಜಾಗಕ್ಕೆ ಹೊಂದಲೆಂದು ಅಡ್ಡಕ್ಕೆ ಎಳೆದರು. ವೃತ್ತ ಮೊಟ್ಟೆಯಾಯಿತು. ಪರೀಕ್ಷೆಯಲ್ಲಿ ಮಕ್ಕಳು ಕಂಗಾಲಾದರು. ಮರುದಿನ ಮಾಲೀಕರು ಇನ್ನು ಬರಬೇಡ ಎಂದರು. ಆರು ತಿಂಗಳು ದಾನೇಶ್ವರಿ ಮೌಸ್ ಮುಟ್ಟಲಿಲ್ಲ. ಕಡೆಗೆ ಗಂಡ ಮಲ್ಲಿನಾಥ ಹಳೆಯ ಕಂಪ್ಯೂಟರೊಂದನ್ನು ತಂದು ಪಡಸಾಲೆಯಲ್ಲಿಟ್ಟರು.

ಹೋದ ವರ್ಷ ಧೀರೇಂದ್ರ ಎಂಬ ಸಂಶೋಧಕರು ತೇರದಾಳ ಭಾಗದ ಬಾವಿನೀರಿನ ಉಪ್ಪಿನಂಶದ ಗ್ರಾಫು ಕಳಿಸಿದರು. ಅದೇ ಗ್ರಾಫು ರೈತರಿಗೆ ಹಂಚುವ ಕರಪತ್ರದಲ್ಲೂ ಅಚ್ಚಾಗಬೇಕಿತ್ತು. ಅದರ ಪ್ರಕಾರ ಉಪ್ಪು ಲೀಟರಿಗೆ ಬರೀ 2.1 ಮಿಲಿಗ್ರಾಂ. ದಾನೇಶ್ವರಿಯವರ ತವರು ತೇರದಾಳವೇ. ಅವರು ಫೋನ್ ಮಾಡಿ ಅನುಮಾನ ಹೇಳಿದರು. ಸಾಫ್ಟ್‌ವೇರ್ ತಪ್ಪುವುದಿಲ್ಲ, ನಾಳೆಯೇ ಮುದ್ರಣ, ಇದ್ದಂತೆ ಹಾಕಿ ಎಂದರು ಧೀರೇಂದ್ರ.

“ಸರ್, ನಮ್ಮವ್ವನ ಬಾವಿ ನೀರಾಗ ಬ್ಯಾಳಿ ಬೇಯಂಗಿಲ್ಲರಿ,” ಎಂದರು ಇವರು. “ನಿಮ್ಮ ಗ್ರಾಫ್ ಖರೆ ಇದ್ರ ಅದು ಬಾಟ್ಲಿ ನೀರಿಗಿಂತ ಛಲೋ ನೀರಾತು. ಮೂಲ ಫೈಲ್ ಒಮ್ಮೆ ಕಳಸ್ರಿ.”

ಫೈಲ್ ಬಂತು. ಅದರಲ್ಲಿದ್ದದ್ದು 2,100; ಚಿತ್ರವಾಗುವಾಗ ‘ಸಾವಿರಪಟ್ಟು’ ಗುರುತು ಬಿಟ್ಟುಹೋಗಿತ್ತು. ದಾನೇಶ್ವರಿ ಅಕ್ಷದ ಮೊದಲು-ಕೊನೆಗಳನ್ನು ಕೈಯಾರೆ ನಿಗದಿ ಮಾಡಿ, ಅಂಕಿಗಳನ್ನು ಪೂರ್ತಿಯಾಗಿ ಬರೆಯಿಸಿ, ಪುಟದಲ್ಲಿ ಕೂರುವ ಗಾತ್ರದಲ್ಲೇ ಚಿತ್ರ ಹೊರತೆಗೆದರು. ಪ್ರಬಂಧದ ಉಳಿದ ಹದಿನೇಳು ಗ್ರಾಫುಗಳಲ್ಲಿ ಇನ್ನೂ ಐದಕ್ಕೆ ಅದೇ ದೋಷವಿತ್ತು. ಮರುದಿನ ಧೀರೇಂದ್ರ ಖುದ್ದು ಬಂದು, ಚಹಾ ಕುಡಿಯುತ್ತ ತಿದ್ದಿದ ಗ್ರಾಫುಗಳನ್ನು ಒಂದೊಂದಾಗಿ ತಾಳೆ ನೋಡಿದರಂತೆ.

“ಆ ಕಾಗದ ಹಂಗ ಹೋಗಿದ್ರ ಮಂದಿ ನಂಬಿ ಕುಡೀತಿದ್ರು, ಹೊಲಕ್ಕೂ ಬಿಡ್ತಿದ್ರು,” ಎನ್ನುತ್ತಾರೆ ದಾನೇಶ್ವರಿ, ಪರದೆಯಿಂದ ಕಣ್ಣು ತೆಗೆಯದೆ.

ಧೀರೇಂದ್ರರ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರಿದ್ದಾರೆ, ಗೆಳೆಯರಿದ್ದಾರೆ, ಇವರ ಹೆಸರಿಲ್ಲ. ಆ ಪುಟವನ್ನು ಹೊಂದಿಸಿದವರೂ ಇವರೇ. ಬೇಸರವಾಗಲಿಲ್ಲವೇ ಎಂದರೆ, ಅಲ್ಲಿ ಒಂದು ಒತ್ತಕ್ಷರ ತಪ್ಪಿತ್ತು, ತಿದ್ದಿದೆ ಎಂದು ನಗುತ್ತಾರೆ. ಆಸೆಯೊಂದಿದೆಯಂತೆ.

“ವರ್ಷಕ್ಕೊಮ್ಮೆ ಈ ಪ್ರಬಂಧ ಬರಿಯೋ ಹುಡುಗರನ್ನ ಕೂಡಿಸಿ ನನಗ ಒಂದು ತಾಸು ಕೊಟ್ರ ಸಾಕ್ರಿ. ಎಲ್ಲಾ ಕಲಿಸಿಬಿಡ್ತೀನಿ. ಆಮ್ಯಾಲ ನನಗ ಕೆಲಸ ಕಮ್ಮಿ ಆಗ್ತೈತಿ. ಆಗಲಿ ಬಿಡ್ರಿ.”