ಎಂಟಕ್ಕೆ ಎಂಟು

ಕಚೇರಿಯವರು ಅವಳನ್ನು ಮೌನಗೌರಿ ಎಂದು ಕರೆಯುತ್ತಿದ್ದರು. ಬೈಗುಳವಲ್ಲ, ಮೆಚ್ಚುಗೆ. ಆಸ್ಪತ್ರೆಗೆಂದು ಮಾಡಿದ ಯಂತ್ರಗಳನ್ನು ಮಾರುವ ಮುನ್ನ ಅವುಗಳ ಮಾದರಿಯನ್ನು ಕೆಲವು ಜನರ ಕೈಗೆ ಕೊಟ್ಟು, ಬಳಸಲು ಬರುತ್ತದೆಯೇ ಎಂದು ಪರೀಕ್ಷಿಸುವುದು ಅವಳ ಕೆಲಸ. ಯಾರನ್ನು ಕರೆಯಬೇಕು, ಏನು ಮಾಡಿಸಬೇಕು, ಎಷ್ಟು ಹೊತ್ತು ಕಾಯಬೇಕು, ಎಲ್ಲವನ್ನೂ ಮೊದಲೇ ಬರೆದಿಡಬೇಕು. ಆಮೇಲೆ ಪಕ್ಕದಲ್ಲಿ ಕೂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು, ತುಟಿ ಪಿಟಕ್ಕೆನ್ನಬಾರದು. ಬಂದವರು ಬೆವರಿದರೂ ಗೋಗರೆದರೂ ಹೇಳಿಕೊಡಬಾರದು. ಪಕ್ಕದವರ ಕೆಲಸದಲ್ಲಿ ಮೂಗು ತೂರಿಸದೆ ಐದು ನಿಮಿಷ ಕೂರುವುದು ಮನುಷ್ಯಮಾತ್ರದವರಿಗೆ ಸಾಧ್ಯವೇ? ಅವಳಿಗೆ ಹನ್ನೊಂದು ವರ್ಷದಿಂದ ಸಾಧ್ಯವಾಗಿತ್ತು.

ಎರಡು ವರ್ಷದ ಹಿಂದೆ ರೋಗಿಯ ಮಂಚದ ಪಕ್ಕದಲ್ಲಿಡುವ ಪರದೆಯೊಂದನ್ನು ಅವಳು ಪರೀಕ್ಷಿಸಿದ್ದಳು. ಬೆರಳಿನಿಂದ ಮುಟ್ಟುವ ಪರದೆ. ನರ್ಸನ್ನು ಕರೆಯುವ ಗುಂಡಿಯ ಚಿತ್ರ ಅದರ ಮೇಲಿನ ಬಲಮೂಲೆಯಲ್ಲಿತ್ತು. ಎಂಟು ಜನ ಬಂದರು, ಎಂಟೂ ಜನ ಹುಡುಕಿ ಒತ್ತಿದರು. ಮ್ಯಾನೇಜರು ಬೆನ್ನು ತಟ್ಟಿದರು. ಯಂತ್ರ ಆಸ್ಪತ್ರೆಗಳಿಗೆ ಹೋಯಿತು.

ಏಳು ತಿಂಗಳಿಗೆ ಒಂದು ಆಸ್ಪತ್ರೆಯಿಂದ ಪತ್ರ ಬಂತು. ಏಳನೇ ಮಂಚದ ಹೆಂಗಸು, ಐವತ್ತೆಂಟು ವರ್ಷದವಳು, ಮಧ್ಯಾಹ್ನ ಊಟದ ತಟ್ಟೆ ಎತ್ತುವ ಹೊತ್ತಿನಲ್ಲಿ ತೀರಿಕೊಂಡಿದ್ದಳು. ಪರದೆಯ ಕೆಳಭಾಗದ ನಡುವಿನ ಖಾಲಿ ಜಾಗವನ್ನು ಅವಳು ಇಪ್ಪತ್ಮೂರು ಸಲ ಒತ್ತಿದ್ದು ಯಂತ್ರದ ದಾಖಲೆಯಲ್ಲಿತ್ತು. ನರ್ಸ್ ಬಂದಿದ್ದರೂ ಉಳಿಯುವುದು ಕಷ್ಟವಿತ್ತು ಎಂದು ಡಾಕ್ಟರು ಹೇಳಿದ್ದರಂತೆ. ಮ್ಯಾನೇಜರು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಎಂಟಕ್ಕೆ ಎಂಟು ಜನ ಒತ್ತಿದಾರೆ. ಆಯಮ್ಮ ಗಾಬರಿಯಾಗಿರ್ಬೇಕು, ಪಾಪ. ನಮ್ಮ ತಪ್ಪೇನಿದೆ ಹೇಳಿ?"

ಅವಳೂ ಅದನ್ನೇ ನಂಬಿದಳು. ನಂಬಿದ್ದಕ್ಕೆ ಒಂದು ವರ್ಷ ನಿದ್ದೆ ಬಂತು.

ಹೋದ ತಿಂಗಳು ಹೊಸಬರಿಗೆ ಕೆಲಸ ಕಲಿಸಲೆಂದು ಆ ಪರೀಕ್ಷೆಯ ವಿಡಿಯೊ ಹಾಕಿದಳು. ಬಂದವರ ಕೈಗಳನ್ನು ಹಿಂದೆಯೇ ನೂರು ಸಲ ನೋಡಿದ್ದಳು. ಈ ಸಲ ಯಾಕೋ ಚಿತ್ರದ ಅಂಚಿನಲ್ಲಿದ್ದ ತನ್ನ ಮುಖದ ಕಡೆ ದೃಷ್ಟಿ ಹೋಯಿತು. ಬಂದವರು ದಾರಿಗಾಣದೆ ಅವಳತ್ತ ತಿರುಗುತ್ತಿದ್ದರು. ಅವಳು ಬಾಯಿ ಬಿಡುತ್ತಿರಲಿಲ್ಲ, ನಿಜ. ಆದರೆ ಕಣ್ಣು ಮಾತ್ರ ಮೆಲ್ಲಗೆ ಮೇಲಿನ ಬಲಮೂಲೆಗೆ ಹೋಗುತ್ತಿತ್ತು. ಮರುಕ್ಷಣ ಅವರ ಬೆರಳೂ ಅಲ್ಲಿಗೇ ಹೋಗುತ್ತಿತ್ತು. ಎಂಟಕ್ಕೆ ಎಂಟೂ ಸಲ.

ಅಂದಿನಿಂದ ಏಳನೇ ಮಂಚದವಳು ಅವಳ ಮನೆಗೇ ಬಂದುಬಿಟ್ಟಳು. ಅತ್ತೆ ಮಾತ್ರೆಯ ಡಬ್ಬಿಯ ಮುಚ್ಚಳ ತಟ್ಟಿದರೆ ಇವಳು ಎಣಿಸುತ್ತಿದ್ದಳು. ನಲ್ಲಿ ತೊಟ್ಟಿಕ್ಕಿದರೆ ಎಣಿಸುತ್ತಿದ್ದಳು. ಇಪ್ಪತ್ಮೂರಕ್ಕೆ ಮೊದಲೇ ಸದ್ದು ನಿಂತರೆ ಉಳಿದದ್ದನ್ನು ಬಾಯಲ್ಲೇ ಎಣಿಸಿ ಮುಗಿಸುತ್ತಿದ್ದಳು.

"ಏನೇ ಅದು, ಬಾಯಲ್ಲೇ ಮಣಮಣ ಅಂತೀಯ? ನನ್ನ ಮಾತ್ರೆ ಲೆಕ್ಕ ನಾನು ಇಟ್ಕೊಂಡಿದೀನಿ, ನೀನು ಒಂದು ತುತ್ತು ಉಣ್ಣು," ಎಂದು ಅತ್ತೆ ಗದರಿದರು. ಅತ್ತೆಗೆ ಹೇಳುವ ಮಾತಲ್ಲ ಅದು. ಹೇಳಬೇಕಾದವರಿಗೆ ಹೇಳಲು ಧೈರ್ಯವಿರಲಿಲ್ಲ.

ಅಷ್ಟರಲ್ಲಿ ಪರದೆಯ ಹೊಸ ಮಾದರಿ ಸಿದ್ಧವಾಯಿತು. ಪರೀಕ್ಷೆ ಹೇಗೆ ನಡೆಯಬೇಕೆಂದು ಯೋಜನೆ ಬರೆದು ಒಯ್ದಳು. ಮ್ಯಾನೇಜರು ಒಂದು ಸಾಲಿಗೆ ಅಡ್ಡಗೆರೆ ಎಳೆದರು.

"ನರ್ಸ್ ಗುಂಡಿ ಹಳೇದೇ ಅಲ್ವಾ? ಎಂಟಕ್ಕೆ ಎಂಟು ಬಂದಿದೆ. ಅದನ್ನ ಮತ್ತೆ ಯಾಕೆ ಮಾಡಿಸ್ತೀರಿ?"

ಸುಮ್ಮನಿದ್ದರೆ ಅದೇ ಗುಂಡಿ ಅದೇ ಮೂಲೆಯಲ್ಲಿ ಇನ್ನೂ ಸಾವಿರ ಮಂಚಗಳ ಪಕ್ಕಕ್ಕೆ ಹೋಗುತ್ತಿತ್ತು. ಅವಳು ಯೋಜನೆಯ ಹಾಳೆಯನ್ನು ಮತ್ತೆ ಅವರ ಮುಂದಕ್ಕೆ ತಳ್ಳಿದಳು.

"ಅದು ಸುಳ್ಳು ಸರ್. ನಾನೇ ತೋರಿಸಿಕೊಟ್ಟಿದೀನಿ. ಕಣ್ಣಲ್ಲಿ."

ಅವಳು ತೋರಿಸಿದ ವಿಡಿಯೊ ನೋಡಿ ಮ್ಯಾನೇಜರು ನಕ್ಕುಬಿಟ್ಟರು. "ಕಣ್ಣು ಹೊರಳಿದ್ದಕ್ಕೆಲ್ಲಾ ಯಾರಾದ್ರೂ ಒತ್ತುತಾರೇನ್ರೀ? ಇಲ್ಲದ್ದನ್ನ ತಲೆಗೆ ಹಚ್ಕೋಬೇಡಿ."

"ಒಂದೇ ಸಲ, ನಾನು ಕಾಣದ ಹಾಗೆ ಮಾಡಿಸಿ ನೋಡೋಣ. ನೀವೂ ಬನ್ನಿ. ಗುಂಡಿ ಸಿಕ್ಕಿದ್ರೆ ಈ ವಿಷಯ ಇನ್ನೆತ್ತಲ್ಲ."

ಮಾರನೆಯ ದಿನ ಬೆಳಿಗ್ಗೆ ಕಚೇರಿ ಗುಡಿಸುವ ಅಕ್ಕನನ್ನು ಪರೀಕ್ಷೆಯ ಕೋಣೆಯ ಮಂಚದಲ್ಲಿ ಮಲಗಿಸಿದರು. ಪಕ್ಕದಲ್ಲಿದ್ದ ಪರದೆಯನ್ನು ಆಕೆ ಹಿಂದೆ ಕಂಡವಳೇ ಅಲ್ಲ. ಎದೆನೋವು ಬಂದಿದೆ ಎಂದುಕೊಂಡು ನರ್ಸನ್ನು ಕರೆಯಬೇಕು, ಇಷ್ಟೇ ಹೇಳಿದ್ದು. ಸಮಯ ಮೂರು ನಿಮಿಷ. "ಕೆಲಸ ಬಿಟ್ಟು ಮಲಗೋಕೆ ಸಂಬಳ ಕೊಡ್ತೀರಾ, ಆಗ್ಲಿ ಬಿಡಿ," ಎಂದು ಆಕೆ ನಗುತ್ತ ಕಾಲು ಚಾಚಿದಳು. ಇವಳೂ ಮ್ಯಾನೇಜರೂ ಮರದ ಅಡ್ಡಗೋಡೆಯ ಹಿಂದೆ ನಿಂತರು.

ಟಪ್. ಟಪ್. ಬೆರಳು ಗಾಜಿಗೆ ತಾಗುವ ಸದ್ದು. ಗುಂಡಿ ಒತ್ತಿದ್ದರೆ ಗಂಟೆಯ ಸದ್ದಾಗಬೇಕಿತ್ತು. ಆಗಲಿಲ್ಲ.

"ಅಮ್ಮಾ, ಇದೇ ತಾನೇ?" ಎಂದಳು ಆಕೆ. ಟಪ್, ಟಪ್, ಟಪ್. "ಸರಿ ಇದೆಯಾ? ಒಂದು ಮಾತಾದ್ರೂ ಹೇಳಿ." ದನಿಯಲ್ಲಿದ್ದ ನಗು ಎಲ್ಲೋ ಹೋಗಿತ್ತು. ಉಸಿರು ಕೇಳಿಸುತ್ತಿತ್ತು. "ಅಮ್ಮಾ... ಯಾರಾದ್ರೂ ಇದೀರಾ?"

ಮ್ಯಾನೇಜರ ಮುಖ ಬಿಳುಚಿತು. "ಸಾಕು, ಹೋಗಿ ತೋರಿಸಿಬಿಡೋಣ," ಎಂದು ಪಿಸುಗುಟ್ಟಿ ಹೆಜ್ಜೆ ಎತ್ತಿದರು. ಅವಳು ಅವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

"ಇನ್ನೂ ಒಂದು ನಿಮಿಷ ಹತ್ತು ಸೆಕೆಂಡ್ ಇದೆ ಸರ್," ಎಂದಳು. "ಕೇಳಿ."